ಏದುಸಿರಿನ ದೂರು ಆಸ್ಪತ್ರೆಗೆ ತಲಪುವುದಿಲ್ಲವೇಕೆ?

ಘಟ್ಟದ ಊರುಗಳಲ್ಲಿ ಏದುಸಿರನ್ನು ಕಾಯಿಲೆಯೆಂದು ಎಣಿಸುವವರು ಕಡಿಮೆ. ಏರು ಹತ್ತುವಾಗ ಯಾರಿಗೆ ಉಸಿರು ಕಟ್ಟದು? ವಯಸ್ಸಾಯಿತು, ಥಂಡಿಯಾಯಿತು ಎಂಬ ಸಮಾಧಾನ ಬೇರೆ. ಈ ಸಮಾಧಾನದ ನೆರಳಿನಲ್ಲಿ ಮನುಷ್ಯ ಮೊದಲು ಸೌದೆಹೊರೆಯನ್ನು ಬಿಡುತ್ತಾನೆ, ಅನಂತರ ಮೇಲಿನ ತೋಟಕ್ಕೆ ಹೋಗುವುದನ್ನು, ಕೊನೆಗೆ ಬಾವಿಯವರೆಗಿನ ನಡಿಗೆಯನ್ನು. ಏರನ್ನೇ ಹತ್ತದವನಿಗೆ ಏದುಸಿರು ಎಲ್ಲಿಂದ ಬರಬೇಕು? ಆದ್ದರಿಂದ “ದಮ್ಮು ಇದೆಯೇ?” ಎಂಬ ವೈದ್ಯರ ಪ್ರಶ್ನೆಗೆ “ಇಲ್ಲ” ಎಂಬ ಉತ್ತರ ಸುಳ್ಳಲ್ಲ, ಪ್ರಶ್ನೆಯೇ ಸರಿಯಿಲ್ಲ. ಕಳೆದ ಮಳೆಗಾಲದಲ್ಲಿ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ ಎಂದು ಕೇಳಬೇಕು.

ಅದನ್ನು ಯಾವ ಮಾತಿನಲ್ಲಿ ಕೇಳಬೇಕೆಂಬುದೂ ಸಣ್ಣ ಸಂಗತಿಯಲ್ಲ. ಸೋಲಿಗರು, ಜೇನುಕುರುಬರು, ಯರವರು ತಮ್ಮದೇ ನುಡಿಯವರು. ಯಲ್ಲಾಪುರ, ಹಳಿಯಾಳದ ಕಡೆಯ ಅನೇಕ ಸಿದ್ದಿಗಳ ಮನೆಮಾತು ಕೊಂಕಣಿಗೆ ಹತ್ತಿರವಾದದ್ದು. ಕೊಡಗಿನ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಬಂದ ಕೂಲಿಕಾರರಿಗೆ ಕನ್ನಡವೇ ಹೊಸತು. ಕನ್ನಡದವರಲ್ಲೇ ಒಬ್ಬರು ಉಬ್ಬಸವೆಂದರೆ ಇನ್ನೊಬ್ಬರು ಗೂರಲು ಎನ್ನುತ್ತಾರೆ. ಬಹಳ ಮಂದಿ “ಸುಸ್ತು” ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಸುಸ್ತಿಗೆ ಟಾನಿಕ್ಕು ಸಿಗುತ್ತದೆ, ಎದೆಯ ಪರೀಕ್ಷೆ ಆಗುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾಸು ತೆತ್ತು ಬಂದವರು ಮತ್ತೆ ಆ ದಾರಿ ಹಿಡಿಯದಿದ್ದರೆ ಅದನ್ನು ಅಜ್ಞಾನವೆಂದು ಕರೆಯುವುದು ಅನ್ಯಾಯ.

ಈ ಮೌನದ ಬೆಲೆ ದೊಡ್ಡದು. ಶ್ವಾಸನಾಳಗಳು ಕ್ರಮೇಣ ಕಿರಿದಾಗುವ ಸಿಒಪಿಡಿ ಕಾಯಿಲೆಯುಳ್ಳವರು ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಇದ್ದರು. 2016ರ ಹೊತ್ತಿಗೆ 5.5 ಕೋಟಿಯಾದರೆಂದು ರೋಗಹೊರೆಯ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಬೀಡಿ ಮುಟ್ಟದ ಹೆಂಗಸರಿಗೂ ಇದು ಬರುತ್ತದೆ, ಕಾರಣ ಒಲೆಯ ಹೊಗೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಸಿಲಿಂಡರು ಬಂದ ಮನೆಗಳಲ್ಲೂ ಅನ್ನ, ಮುರುವು, ಬಚ್ಚಲಿನ ಬಿಸಿನೀರು ಸೌದೆಯಲ್ಲೇ ಬೇಯುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ಕಾಡು ಉಳಿಸುವ ಸಾಧನವೆಂದೇ ಪ್ರಚಾರ ಮಾಡಲಾಯಿತು; ಎದೆ ಉಳಿಸುವ ಮಾತು ಹಿಂದೆ ಸರಿಯಿತು.

ಆದರೆ ಎಲ್ಲ ಏದುಸಿರೂ ಹೊಗೆಯದಲ್ಲ. ಕ್ಷಯ, ಹೃದ್ರೋಗ, ರಕ್ತಹೀನತೆಗಳಲ್ಲೂ ಉಸಿರು ಸೋಲುತ್ತದೆ. ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚಾಗಿ ಕಾಣುವ, ವಂಶಪಾರಂಪರ್ಯವಾದ ಕುಡಗೋಲು ಕಣ ರಕ್ತಹೀನತೆಯ ತಪಾಸಣೆಗೆಂದೇ 2023ರ ಜುಲೈಯಲ್ಲಿ ರಾಷ್ಟ್ರೀಯ ಅಭಿಯಾನ ಆರಂಭವಾಗಿದೆ. ನಾಟಿ ಔಷಧಿ ಕೊಡುವವರನ್ನು ಹಳಿದು ಪ್ರಯೋಜನವಿಲ್ಲ. ಕಫ ಪರೀಕ್ಷೆ, ರಕ್ತ ಪರೀಕ್ಷೆಗಳಾಗದೆ ಇವನ್ನು ಬೇರೆ ಮಾಡಿ ಹೇಳಲು ಪಂಡಿತರಿಗೂ ಆಗದು, ಡಾಕ್ಟರಿಗೂ ಆಗದು.

ಯಂತ್ರವನ್ನೂ ಪೂರ್ತಿ ನಂಬುವಂತಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಲ್ಲದು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಣ್ತಪ್ಪಿದ ಕೊರತೆ ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು. ಯಂತ್ರ 95 ತೋರಿಸಿತೆಂದು, ಮಾತಾಡಲಾರದೆ ಏಗುತ್ತಿರುವವರನ್ನು ಮನೆಗೆ ಕಳುಹಿಸುವುದು ಅಪಾಯ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬುಡಕಟ್ಟಿನ ಯುವತಿಯರನ್ನೇ ದಾದಿಯರನ್ನಾಗಿ ತರಬೇತುಗೊಳಿಸಿತು. ಹಾಡಿಯ ಮಾತು ಬಲ್ಲವರು ಪ್ರತಿ ಆರೋಗ್ಯ ಕೇಂದ್ರದಲ್ಲೂ ಇರಬೇಕೆಂಬ ಬೇಡಿಕೆ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ. ಅಲ್ಲಿಯವರೆಗೆ ಓದುವ ಮಕ್ಕಳು ಅಜ್ಜ ಅಜ್ಜಿಯರ ಜೊತೆ ಆಸ್ಪತ್ರೆಗೆ ಹೋಗಿ, ಅವರು ಬಿಟ್ಟ ಕೆಲಸಗಳನ್ನು ವೈದ್ಯರಿಗೆ ವಿವರಿಸಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು; ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕುಳಿತಲ್ಲೇ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಒಂದು ವಾಕ್ಯ ಮುಗಿಸಲಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಿನ ಬಸ್ಸಿಗೆ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಮಳೆಗಾಲದಲ್ಲಿ ವಾಹನ ಸಂಕದ ಆಚೆಯೇ ನಿಲ್ಲುವ ಊರುಗಳವರು, ರೋಗಿಯನ್ನು ಅಲ್ಲಿಯವರೆಗೆ ಹೊತ್ತು ತರುವವರು ಯಾರೆಂಬುದನ್ನು ಮಳೆ ಹಿಡಿಯುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು.