ಬೆನ್ನು ಆಪರೇಷನ್ ಆದ್ಮೇಲೂ ಹೋಗದ ನೋವು: ‘ಸಣ್ಣ ರಂಧ್ರ’ದ ಚಿಕಿತ್ಸೆ ಎಷ್ಟು ನಂಬಬಹುದು?

ಮೈಸೂರು: ಡಿಸ್ಕ್ ಜಾರಿದೆ ಅಂತ ಸಾಲ ಮಾಡಿ ಬೆನ್ನಿನ ಆಪರೇಷನ್ ಮಾಡಿಸಿಕೊಂಡಿದ್ದಾಯ್ತು. ಆರು ತಿಂಗಳಾದ್ರೂ ಸೊಂಟ ನೋವು, ಕಾಲಿನ ಸೆಳೆತ ಹೋಗಿಲ್ಲ. ದಿನವಿಡೀ ಆಟೋ ಓಡಿಸೋರು, ನೆಲದ ಮೇಲೆ ಕೂತು ಅಗರಬತ್ತಿ ಹೊಸೆಯೋರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಇಂಥವರಿಗೆ ಈಗ ಇನ್ನೊಂದು ಆಸೆ ಹುಟ್ಟಿದೆ. ದೊಡ್ಡ ಗಾಯ ಇಲ್ಲ, ಸಣ್ಣ ರಂಧ್ರ ಸಾಕು, ಬೇಗ ಮನೆಗೆ ಹೋಗಬಹುದು ಎನ್ನುವ ಚಿಕಿತ್ಸೆ.

ಈ ಸಮಸ್ಯೆ ಅಪರೂಪದ್ದಲ್ಲ. ಬೆನ್ನಿನ ಆಪರೇಷನ್ ಆದ 100 ಜನರಲ್ಲಿ 10ರಿಂದ 40 ಮಂದಿಗೆ ನೋವು ಉಳಿಯುತ್ತೆ ಅಥವಾ ಮರಳುತ್ತೆ ಅಂತ ವೈದ್ಯಕೀಯ ಅಧ್ಯಯನಗಳು ಹೇಳುತ್ತವೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರೇ ಇದೆ.

ಕಾರಣ ಒಂದೇ ಅಲ್ಲ

ಡಿಸ್ಕ್ ಮತ್ತೆ ಉಬ್ಬಿ ನರ ಒತ್ತುತ್ತಿದ್ದರೆ, ಒಂದು ಸೆಂಟಿಮೀಟರ್ ಆಸುಪಾಸಿನ ಗಾಯದಲ್ಲಿ ಎಂಡೋಸ್ಕೋಪ್ ಹಾಕಿ ಅದನ್ನು ತೆಗೆಯಬಹುದು. ನರದ ಸುತ್ತ ಗಾಯದ ಅಂಗಾಂಶ ಅಂಟಿಕೊಂಡಿದ್ದರೆ ತೆಳು ಟ್ಯೂಬ್ ಮೂಲಕ ಬಿಡಿಸುವ ಪ್ರಯತ್ನ ಮಾಡ್ತಾರೆ. ಬೆನ್ನಿನ ಕೀಲಿನಿಂದ ನೋವು ಬರ್ತಿದ್ದರೆ ಅಲ್ಲಿನ ಸಣ್ಣ ನರಕ್ಕೆ ರೇಡಿಯೋ ಫ್ರೀಕ್ವೆನ್ಸಿ ಶಾಖ ಕೊಡ್ತಾರೆ. ನರವೇ ಹಾನಿಯಾಗಿದ್ದರೆ ಬೆನ್ನುಹುರಿಗೆ ವಿದ್ಯುತ್ ಮಿಡಿತ ಕಳಿಸುವ ಸ್ಟಿಮ್ಯುಲೇಟರ್ ಇದೆ. ಇದಕ್ಕೆ ಹಲವು ಲಕ್ಷ ರೂಪಾಯಿ ಬೇಕು.

ಅಂದ್ರೆ ಕಾರಣ ಗೊತ್ತಾಗದೆ ರಂಧ್ರ ಮಾಡಿದ್ರೆ ದುಡ್ಡು ದಂಡ.

ತಜ್ಞರಲ್ಲೇ ಒಮ್ಮತ ಇಲ್ಲ

2025ರ ಫೆಬ್ರವರಿಯಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ, ದೀರ್ಘಕಾಲದ ಬೆನ್ನುನೋವಿಗೆ ಎಪಿಡ್ಯೂರಲ್ ಇಂಜೆಕ್ಷನ್, ಕೀಲಿನ ರೇಡಿಯೋ ಫ್ರೀಕ್ವೆನ್ಸಿ ಬೇಡ ಅಂತ ಖಡಾಖಂಡಿತವಾಗಿ ಹೇಳಿತು. ನೋವು ಚಿಕಿತ್ಸಾ ತಜ್ಞರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಸರಿಯಾದ ರೋಗಿಯನ್ನು ಆರಿಸಿದ್ರೆ ಉಪಯೋಗ ಇದೆ ಅನ್ನೋದು ಅವರ ವಾದ. ನಾರ್ವೆಯಲ್ಲಿ ಆಪರೇಷನ್ ಆಗಿಯೂ ಕಾಲು ನೋವು ಉಳಿದಿದ್ದ 50 ಜನರ ಮೇಲೆ ಸ್ಟಿಮ್ಯುಲೇಟರ್ ಪರೀಕ್ಷಿಸಿದಾಗ, ಯಂತ್ರ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಈ ವರದಿ ಬಂತು.

ಕಾರ್ಡ್ ಇದ್ದರೆ ಸಾಕಾ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಹಣ ಸಿಗೋದು ಪಟ್ಟಿಯಲ್ಲಿರುವ ಪ್ಯಾಕೇಜಿಗೆ. ಹಾಗಾಗಿ ಮುಂಗಡ ಕಟ್ಟುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಬೇಕು.

ಡಾಕ್ಟರನ್ನು ಕೇಳಬೇಕಾದ್ದು ಇಷ್ಟು: ನೋವಿನ ಮೂಲ ಯಾವುದು? ಅದು ಹೇಗೆ ಖಚಿತವಾಯ್ತು? ಎಷ್ಟು ತಿಂಗಳು ಆರಾಮ ಸಿಗಬಹುದು? ಮತ್ತೆ ಮಾಡಿಸಬೇಕಾ? ಹಳೇ ಎಂಆರ್‌ಐ, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಮೊದಲು ಆಪರೇಷನ್ ಮಾಡದ ಇನ್ನೊಬ್ಬ ತಜ್ಞರಿಗೂ ತೋರಿಸೋದು ಒಳ್ಳೇದು. ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಬೋಧನಾ ಆಸ್ಪತ್ರೆ ಊರಲ್ಲೇ ಇದೆ.

ಒಂದು ಎಚ್ಚರ. ಮೂತ್ರ, ಮಲದ ಹಿಡಿತ ತಪ್ಪಿದ್ರೆ, ತೊಡೆಸಂದು ಜೋಮು ಹಿಡಿದ್ರೆ, ಕಾಲಿನ ಶಕ್ತಿ ಕುಂದಿದ್ರೆ ಅಥವಾ ಜ್ವರದ ಜೊತೆ ಬೆನ್ನು ನೋವು ಬಂದ್ರೆ ಯೋಚನೆ ಮಾಡ್ತಾ ಕೂರುವಂತಿಲ್ಲ. ಅವತ್ತೇ ತುರ್ತು ವಿಭಾಗಕ್ಕೆ ಹೋಗಬೇಕು.