ಕೆಳಗಿನಿಂದ ಬಂದ ಮಳೆ

ಮನೆಯಲ್ಲಿ ನೀರು ಮುಗಿದ ದಿನ ಗೃಹಿಣಿಯ ಮುಖವನ್ನು ನೋಡಿದವರಿಗೆ, ಅಮರಸಿಂಹನು ನೀರಿನ ಹೆಸರುಗಳ ನಡುವೆ ‘ಜೀವನ’ವೆಂಬುದನ್ನೂ ಏತಕ್ಕೆ ಸೇರಿಸಿದನೆಂದು ಬೇರೆಯಾಗಿ ವ್ಯಾಖ್ಯಾನಿಸಬೇಕಾಗಿಲ್ಲ. ಈ ತಿಂಗಳು ವಾಚಕಮಹಾಶಯರಿಗೆ ನಾನು ಅರಿಕೆಮಾಡಬೇಕೆಂದಿರುವುದು ಒಂದು ಬಾವಿಯ ವೃತ್ತಾಂತ. ಅದು ನಮ್ಮ ಸೀಮೆಯದಲ್ಲ. ಆಸ್ಟ್ರೇಲಿಯಾಕ್ಕೆ ಪೂರ್ವದಲ್ಲಿ, ಶಾಂತಸಾಗರದ ನಡುವೆ, ಅನೀವಾ ಎಂಬ ಪುಟ್ಟದೊಂದು ಹವಳದ ದ್ವೀಪವುಂಟು; ಅಲ್ಲಿಯದು. ಆ ದ್ವೀಪಸಮೂಹಕ್ಕೆ ಆಗ ನ್ಯೂ ಹೆಬ್ರಿಡೀಸ್ ಎಂದು ಹೆಸರು. 1980ರಲ್ಲಿ ಸ್ವತಂತ್ರವಾದ ಮೇಲೆ ವನುವಾಟು. ಬಾವಿಯನ್ನು ತೋಡಿದವನು ಜಾನ್ ಪೇಟನ್ ಎಂಬ ಸ್ಕಾಟ್ಲೆಂಡಿನ ಪಾದ್ರಿ.

ಕಾಲುಚೀಲ ಹೆಣೆದು ಜೀವಿಸುತ್ತಿದ್ದ ಬಡವನೊಬ್ಬನ ಮಗನಾಗಿ 1824ರಲ್ಲಿ ಹುಟ್ಟಿದ ಈತನು, 1858ರಲ್ಲಿ ನವವಧುವಿನೊಡನೆ ಮೊದಲು ಹೋದದ್ದು ನೆರೆಯ ಟಾನ್ನಾ ದ್ವೀಪಕ್ಕೆ. ಅನುಭವ ಸಾಲದೆ ಕಡಲಂಚಿನ ತಗ್ಗಿನಲ್ಲಿ ಮನೆ ಕಟ್ಟಿದನು, ಚಳಿಜ್ವರ ಹಿಡಿಯಿತು. ಮರುವರ್ಷದ ಮಾರ್ಚ್ ತಿಂಗಳಲ್ಲಿ ಬಾಣಂತಿಯಾಗಿದ್ದ ಹೆಂಡತಿ ಮೇರಿ ತೀರಿಕೊಂಡಳು. ತಿಂಗಳು ತುಂಬುವುದರೊಳಗೆ ಕೂಸೂ ಹೋಯಿತು. ಗುಂಡಿಯನ್ನು ಈತನೇ ತನ್ನ ಕೈಯಿಂದ ತೋಡಬೇಕಾಯಿತು. 1861ರಲ್ಲಿ ವ್ಯಾಪಾರದ ಹಡಗುಗಳ ಮೂಲಕ ದಡಾರ ಬಂದು ದ್ವೀಪದವರು ಗುಂಪುಗುಂಪಾಗಿ ಸತ್ತರು. ಹೊಸ ದೇವರ ಕಾಟವೇ ಇದೆಂದು ಅವರು ಬಗೆದುದರಲ್ಲಿ ಆಶ್ಚರ್ಯವೇನು? 1862ರಲ್ಲಿ ಪೇಟನ್ನನು ಪ್ರಾಣವುಳಿಸಿಕೊಂಡು ಓಡಬೇಕಾಯಿತು. ಮುಂದೆ 1865ರಲ್ಲಿ ಬ್ರಿಟಿಷರ ಯುದ್ಧನೌಕೆಯೊಂದು ಟಾನ್ನಾದ ಮೇಲೆ ಗುಂಡಿನ ಮಳೆಗರೆದಾಗ ಈತನು ಆ ನೌಕೆಯಲ್ಲಿದ್ದನೆಂಬುದಕ್ಕಾಗಿ ಕ್ರೈಸ್ತರಲ್ಲೇ ಹಲವರು ಈತನನ್ನು ಆಕ್ಷೇಪಿಸಿದರು. ನನಗೂ ಆ ಆಕ್ಷೇಪಣೆ ನ್ಯಾಯವೆಂದೇ ತೋರುತ್ತದೆ.

1866ರಲ್ಲಿ ಎರಡನೆಯ ಹೆಂಡತಿ ಮಾರ್ಗರೆಟ್ಟಳನ್ನೂ ಕೈಕೂಸನ್ನೂ ಕರೆದುಕೊಂಡು ಅನೀವಾದಲ್ಲಿ ಇಳಿದಾಗ ಆತನು ಮನೆಗೆ ಹುಡುಕಿದ್ದು ಎತ್ತರದ ದಿಬ್ಬವನ್ನು. ಹವಳವನ್ನು ಸುಟ್ಟು ಸುಣ್ಣ ಮಾಡಿಕೊಂಡನು. ಮನೆ ಕಟ್ಟುತ್ತಿರುವಾಗ ಒಂದು ದಿನ ಮೊಳೆಗಳೂ ಉಪಕರಣಗಳೂ ಬೇಕಾದುವು. ಮರದ ಚಕ್ಕೆಯೊಂದರ ಮೇಲೆ ಸೀಸದಕಡ್ಡಿಯಿಂದ ಎರಡು ಮಾತು ಗೀಚಿ, ಮುದಿನಾಯಕನಾದ ನಮಕೇಯಿಯ ಕೈಯಲ್ಲಿ ಕೊಟ್ಟು, ‘ಇದನ್ನು ನನ್ನ ಹೆಂಡತಿಗೆ ಕೊಡು’ ಎಂದನು. ಏನು ಬೇಕೆಂದು ಹೇಳಲಿ ಎಂದರೆ, ಚಕ್ಕೆಯೇ ಹೇಳುತ್ತದೆಂದು ಉತ್ತರ! ಆಕೆ ಅದನ್ನು ನೋಡಿ ಎಸೆದು, ಬೇಕಾದ ಸಾಮಾನುಗಳನ್ನೇ ತಂದು ಕೊಟ್ಟಳು. ಮುದುಕನು ಎಸೆದ ಚಕ್ಕೆಯನ್ನು ಆರಿಸಿಕೊಂಡು ಬಂದು, ಇದು ಮಾತಾಡಿದ್ದು ಹೇಗೆಂದು ಕೇಳಿದನು. ಅಕ್ಷರ ಕಲಿಸಿ ಬದುಕಿದ ನಮ್ಮಂಥವರಿಗೆ ಈ ಪ್ರಶ್ನೆ ನಗುವಿನದಲ್ಲ.

ಆ ದ್ವೀಪದಲ್ಲಿ ಹೊಳೆಯಿಲ್ಲ, ಊಟೆಯಿಲ್ಲ. ಜನರು ಎಳನೀರನ್ನು ಕುಡಿದು, ಕಬ್ಬನ್ನು ಜಗಿದು, ಕಡಲಲ್ಲಿ ಮೀಯುತ್ತಿದ್ದರು. ಹೀಗಿರುವಾಗ ಪಾದ್ರಿಯು, ‘ನೆಲದೊಳಗಿಂದ ದೇವರು ನೀರು ಕೊಡುವನೋ ನೋಡುತ್ತೇನೆ’ ಎಂದು ಗುದ್ದಲಿ ಹಿಡಿದನು. ಮಳೆಯು ಮೇಲಿನಿಂದ ಬರತಕ್ಕದ್ದು. ಕೆಳಗಿನಿಂದ ಬರುತ್ತದೆಂಬುವನಿಗೆ ಬುದ್ಧಿ ಕೆಟ್ಟಿರಬೇಕು. ಆತನು ಏನಾದರೂ ಮಾಡಿಕೊಂಡಾನೆಂದು ನಮಕೇಯಿಯು ಕಾವಲಿಟ್ಟನು! ಮೂರು ಬಕೀಟು ಮಣ್ಣೆತ್ತಿದವನಿಗೆ ಒಂದು ಮೀನಿನ ಗಾಳವೆಂದು ಪಾದ್ರಿಯು ಸಾರಿದ ಮೇಲೆ ಕೆಲಸಕ್ಕೆ ನೂಕುನುಗ್ಗಲಾಯಿತು. ಸುಮಾರು 12 ಅಡಿಯಾದಾಗ ಒಂದು ರಾತ್ರಿ ಪಕ್ಕದ ಮಣ್ಣು ಕುಸಿದು ಗುಂಡಿ ಮುಚ್ಚಿಹೋಯಿತು. ನೀನು ಒಳಗೆ ಸತ್ತಿದ್ದರೆ ಯುದ್ಧದ ಹಡಗು ಬಂದು ನಮ್ಮನ್ನು ಕೇಳುತ್ತಿರಲಿಲ್ಲವೆ ಎಂದು ನಮಕೇಯಿಯು ಗದರಿಸಿಕೊಂಡನು. ಟಾನ್ನಾದ ಸುದ್ದಿಯನ್ನು ಬಲ್ಲವರಿಗೆ ಇದು ಹುರುಳಿಲ್ಲದ ಭಯವಲ್ಲ.

ಅಲ್ಲಿಂದ ಮುಂದೆ ಯಾರೂ ಒಳಗಿಳಿಯಲೊಲ್ಲರು. ಪಾದ್ರಿಯೊಬ್ಬನೇ ಇಳಿದು ಅಗೆಯುವುದು, ಬಕೀಟು ತುಂಬಿದಾಗ ಗಂಟೆ ಬಾರಿಸುವುದು, ಮೇಲಿನವರು ರಾಟೆಯಿಂದ ಸೇದುವುದು. ಹೀಗೆ ದಿನಗಳು ಹೋದುವು. 30 ಅಡಿಗೆ ಮಣ್ಣು ತೇವವಾಯಿತು. ಬಂದ ನೀರು ಉಪ್ಪಾಗಿದ್ದರೆ! ಆ ಸಂಜೆ ತನ್ನ ಎದೆ ನಡುಗಿತೆಂದು ಆತನೇ ಬರೆದಿದ್ದಾನೆ. ಆದರೂ ನಾಳೆ ದೇವರು ನೀರು ಕೊಟ್ಟಾನೆಂದು ನಾಯಕನಿಗೆ ಹೇಳಿದನು. ನೀನು ತಳ ತೂತಾಗಿ ಕಡಲಿಗೆ ಬೀಳುವೆ, ಶಾರ್ಕ್ ಮೀನುಗಳು ನಿನ್ನನ್ನು ತಿಂದಾವು ಎಂದು ನಾಯಕನ ಮರುಮಾತು.

ಮರುದಿನ ನೀರು ಚಿಮ್ಮಿತು. ಕಲಕಾಗಿತ್ತು, ಆದರೆ ಸಿಹಿ. ಹೂಜಿಯಲ್ಲಿ ತಂದುದನ್ನು ನಮಕೇಯಿಯು ಅಲುಗಿಸಿ ನೋಡಿದನು, ಮುಟ್ಟಿದನು, ಬಾಯಲ್ಲಿ ಹೊರಳಿಸಿದನು, ನುಂಗಿದನು, ಬಳಿಕ ‘ಮಳೆ! ಮಳೆ!’ ಎಂದು ಕೂಗಿದನು. ಜನರು ಒಬ್ಬರ ಕೈಯನ್ನೊಬ್ಬರು ಹಿಡಿದು ಸಾಲಾಗಿ ನಿಂತು, ಮುಂದಿನವನು ಬಗ್ಗಿ ಇಣಿಕಿ ಹಿಂದಕ್ಕೆ ಬರಲು ಮತ್ತೊಬ್ಬನು ಇಣಿಕುತ್ತಿದ್ದನಂತೆ. ಮುಂದಿನ ಭಾನುವಾರ ನಮಕೇಯಿಯು ತಾನೇ ಎದ್ದು ನಿಂತು, ಕಾಣದಿದ್ದ ನೀರು ನೆಲದೊಳಗೆ ಇದ್ದಂತೆ ಕಾಣದ ದೇವರೂ ಇದ್ದಾನೆಂದು ಮಾತನಾಡಿದನು. ಜನರು ತಮ್ಮ ವಿಗ್ರಹಗಳನ್ನು ತಂದು ಪಾದ್ರಿಯ ಮನೆಯ ಮುಂದೆ ರಾಶಿ ಹಾಕಿದರು. ಅವುಗಳಲ್ಲಿ ಎಷ್ಟೋ ತಲೆಮಾರುಗಳ ಭಕ್ತಿಯಿತ್ತೆಂಬುದನ್ನು ಪಾದ್ರಿಯ ಪುಸ್ತಕ ನೆನೆಯುವುದಿಲ್ಲ; ವಿಗ್ರಹಪೂಜೆಯ ಮನೆಯಲ್ಲಿ ಬೆಳೆದ ನಾನು ನೆನೆಯದೆ ಇರಲಾರೆ. ದಿನಚರಿಯೂ ಬದಲಾಯಿತು: ಮನೆಮನೆಯಲ್ಲಿ ಬೆಳಗೂ ಬೈಗೂ ಪ್ರಾರ್ಥನೆ, ಉಣ್ಣುವ ಮೊದಲು ದೇವರ ಸ್ಮರಣೆ, ಭಾನುವಾರ ಒಲೆ ಹಚ್ಚಬಾರದೆಂದು ಶನಿವಾರವೇ ಅಡಿಗೆಯ ದಿನವಾಯಿತು.

ಬಳಿಕ ದ್ವೀಪದವರು ತಾವೇ ಆರೇಳು ಬಾವಿ ತೋಡಿದರು. ಕೆಲವಕ್ಕೆ ಗಟ್ಟಿ ಹವಳದ ಬಂಡೆ ಅಡ್ಡಬಂದಿತು, ಕೆಲವಲ್ಲಿ ಉಪ್ಪುನೀರು ಬಂದಿತು. ನಾವು ಅಗೆಯಲು ಕಲಿತೆವು, ಪ್ರಾರ್ಥಿಸಲು ಕಲಿಯಲಿಲ್ಲ ಎಂದುಕೊಂಡರು. ಭೂಗರ್ಭಶಾಸ್ತ್ರಜ್ಞರು ಬೇರೊಂದು ಕಾರಣ ಹೇಳುತ್ತಾರೆ. ತೂತುತೂತಾದ ಹವಳದೊಳಕ್ಕೆ ಸಮುದ್ರದ ನೀರು ನುಗ್ಗಿರುತ್ತದೆ. ಇಂಗಿದ ಮಳೆನೀರು ಅದಕ್ಕಿಂತ ಹಗುರವಾದುದರಿಂದ ಅದರ ಮೇಲೆ ತೇಲಿ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರಬಹುದು. ಆದರೆ ದಡದ ಕಡೆಗೆ ಆ ಪದರ ತೆಳುವು. ಅಗೆತ ಕೊಂಚ ಮಿಕ್ಕರೆ ಉಪ್ಪು. ಹಾಗಾದರೆ ಅದು ನಿಜವಾಗಿ ಮಳೆಯೇ. ನಮಕೇಯಿಯ ನಾಲಗೆ ಸುಳ್ಳಾಡಲಿಲ್ಲ. ಪಾದ್ರಿಗೆ ಈ ಲೆಕ್ಕ ತಿಳಿದಿರಲಿಲ್ಲ. ತಿಳಿಯದೆ, ಹೆಂಡತಿಮಕ್ಕಳಿಗೆ ನೀರು ಬೇಕೆಂದು, 30 ಅಡಿಯ ಗುಂಡಿಯಲ್ಲಿ ಒಬ್ಬನೇ ಇಳಿದನು.

ಅನೀವಾದ ನುಡಿಯಲ್ಲಿ ಮೊದಲ ಪುಸ್ತಕ ಅಚ್ಚಾದ ದಿನ ನಮಕೇಯಿಯು ಓಡಿಬಂದು, ‘ಇದು ಮಾತಾಡುತ್ತದೆಯೆ?’ ಎಂದು ಕೇಳಿದನು. ಕೈಗೆ ಕೊಟ್ಟರೆ ಅವನೊಡನೆ ಅದು ಮಾತಾಡಲೊಲ್ಲದು. ಮುದುಕನ ಕಣ್ಣು ಮಂಜಾಗಿರುವುದನ್ನು ಕಂಡು ಪಾದ್ರಿಯು ಒಂದು ಕನ್ನಡಕವನ್ನು ಹುಡುಕಿ ಮೂಗಿಗೇರಿಸಿದನು. ಮುದುಕನು ಒಂದೊಂದೇ ಅಕ್ಷರವನ್ನು ಕಲಿಯುತ್ತ ಕುಳಿತನು.