ಇದು ಯೇವ ಹೇಳಿಕೆ?

ಅಕ್ಕಂದ್ರೇ, ಜೆಂಬ್ರದ ಹೇಳಿಕೆ ಬಂದರೆ ಹೋಗದ್ದೆ ಕೂಪಲಾಗ, ಸರಿ. ಫೇಸ್‌ಬುಕ್ಕಿಲಿ ದಿನಾಗ್ಲೂ "ಫಾರ್ಮ್‌ವಿಲ್ಲಿಂಗೆ ಬಾ" ಹೇಳಿ ಬಂದೊಂಡಿದ್ದದು ಯೇವ ಹೇಳಿಕೆ? 2009ರಲ್ಲಿ ಸುರುವಾಗಿ 2020ರಲ್ಲಿ ನಿಂದ ಈ ಆಟಲ್ಲಿ ನೆರೆಕರೆ ಹೆಚ್ಚಾದ ಹಾಂಗೆ ಜಾಗೆ ದೊಡ್ಡ ಮಾಡ್ಲೆ ಸುಲಭ ಆಗಿತ್ತು. ಕಂಪೆನಿಗೆ ಜೆನ ಸೇರ್ಸುಲೆ ನಮ್ಮ ನೆಂಟಸ್ತಿಕೆಯೇ ಬಂಡವಾಳ ಆಗಿತ್ತು! ಹಟ್ಟಿಲಿಪ್ಪ ದನಕ್ಕೆ ಹುಲ್ಲು ಹಾಕುಲೇ ಪುರುಸೊತ್ತಿಲ್ಲೆ.

"ತಡದರೆ ಅತ್ತಿಗೆಗೆ ಬೇಜಾರಕ್ಕು" ಹೇಳ್ತಿರೋ? ಫೈರ್‌ಫಾಕ್ಸಿಂಗೆ ಎಫ್.ಬಿ. ಪ್ಯೂರಿಟಿ ಹೇಳ್ತ ಎಕ್ಸ್‌ಟೆನ್ಶನ್ ಸೇರ್ಸಿರೆ ಆಟದ ಸುದ್ದಿ ನಮ್ಮ ಕಂಪ್ಯೂಟರಿಲಿ ಮಾತ್ರ ಕಾಣ್ತಿಲ್ಲೆ. ಅತ್ತಿಗೆಯ ಪಟ, ಮಾತು ಎಲ್ಲ ಕಾಣ್ತು; ಅತ್ತಿಗೆಗೆ ಗೊಂತೂ ಆವ್ತಿಲ್ಲೆ. ತೋಟದ ಬೇಲಿಗೆ ತಡಮೆ ಇದ್ದ ಹಾಂಗೆ: ದನ ನುಗ್ಗುತ್ತಿಲ್ಲೆ, ನೆಂಟ್ರು ಬತ್ತವು.

ಮಕ್ಕೊ ರಜೆಲಿ ಮನೆಗೆ ಬಂದಿಪ್ಪಗ ಹಾಕ್ಸಿಗೊಳ್ಳಿ. ಅತ್ತಿಗೆಯತ್ರೆ ಮಾತಾಡೆಕ್ಕಾರೆ ಫೋನಿದ್ದು.